ಅಕ್ಷತೆ ಎಲ್ಲರಿಗೆ, ಊಟ ಒಂದೇ ಮನೆಯಲ್ಲಿ

ಪುಣೆಯ ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ತ್ರಿವೇಣಿ ಬೆಲ್ಲದ ಅಂದರೆ ಮೇಲಿನವರಿಗೂ ಒಂದಿಷ್ಟು ಅಳುಕು. ಅವಳದು ತಪಾಸಣೆಯ ಕೆಲಸ. ತಯಾರಾಗಿ ಬಂದ ಬಿಡಿಭಾಗಗಳನ್ನು ಒಂದೊಂದಾಗಿ ಅಳೆಯುವುದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಕಂಡರೂ ಕೆಂಪು ಬಣ್ಣ ಬಳಿದು ಬದಿಗೆ ತಳ್ಳುವುದು. ಇದೊಂದು ಸಲ ಬಿಟ್ಟುಬಿಡಿ ಎಂದು ಯಾರು ಬಂದು ಹಲ್ಲು ಗಿಂಜಿದರೂ ಅವಳು ಕನ್ನಡಕದ ಮೇಲಿಂದ ಒಮ್ಮೆ ನೋಡಿ, ಕುಂಚವನ್ನು ಡಬ್ಬಿಯಲ್ಲಿ ಅದ್ದುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಯಾರ ಮುಲಾಜಿಗೂ ಬಿದ್ದವಳಲ್ಲ.

ಅದೇ ತ್ರಿವೇಣಿ ಕಾರ್ಖಾನೆಯ ಗೇಟು ದಾಟಿ ಹೊರಬಿದ್ದಳೋ, ಬೆಣ್ಣೆ. ಚಹಾಕ್ಕೆ ಕರೆದರೆ ಹೋದಳು, ಪೂಜೆಗೆ ಕರೆದರೆ ಹೋದಳು, ಪಕ್ಕದ ಮನೆಯವರು ಸೀರೆ ಆರಿಸಲು ಲಕ್ಷ್ಮೀ ರಸ್ತೆಗೆ ಕರೆದರೆ ಅಲ್ಲಿಗೂ ಹೋಗಿ ಮೂರು ತಾಸು ನಿಂತು ಬಂದಳು. ‘ಒಲ್ಲೆ’ ಅನ್ನುವ ಮಾತು ಅವಳ ಬಾಯಲ್ಲಿ ಹುಟ್ಟುತ್ತಲೇ ಇರಲಿಲ್ಲ. ಅದಕ್ಕೆ ಅವಳನ್ನೊಬ್ಬಳನ್ನೇ ದೂರಿ ಪ್ರಯೋಜನವಿಲ್ಲ. ತಂದೆ ಕಾಡಪ್ಪ ಬೈಲಹೊಂಗಲದ ಕಡೆಯಿಂದ ಇದೇ ಕಾರ್ಖಾನೆಗೆ ಕೆಲಸಕ್ಕೆ ಬಂದವರು. ಕರೆದವರ ಮನೆಗೆ ಹೋಗದಿದ್ದರೆ ನಾಳೆ ನಮ್ಮನೆಗೆ ಯಾರು ಬರುತ್ತಾರೆ ಅನ್ನುವುದು ಅವರ ವಾದ. ಕ್ವಾರ್ಟರ್ಸಿನ ಎರಡು ಕೋಣೆಯ ಮನೆಯಲ್ಲಿ ಮಗಳು ಆ ವಾದವನ್ನು ರೊಟ್ಟಿಯ ಜೊತೆಗೇ ಉಂಡು ಬೆಳೆದಿದ್ದಳು.

ನಲವತ್ತನೇ ವಯಸ್ಸಿನಲ್ಲಿ ಡಾಕ್ಟರು ರಕ್ತದ ಸಕ್ಕರೆ ಅಂಚಿಗೆ ಬಂದಿದೆ ಎಂದು ಹೆದರಿಸಿದರು. ತ್ರಿವೇಣಿ ನಡೆಯತೊಡಗಿದಳು. ನಡಿಗೆ ಓಟವಾಯಿತು. ಗಂಡ ಶಿವರಾಜನ ಹಳೆಯ ಸೈಕಲ್ ಮಾಳಿಗೆಯಿಂದ ಕೆಳಗಿಳಿಯಿತು. ಮುಂದಿನ ವರ್ಷ ಐದಾರು ವರ್ಷದ ಮಕ್ಕಳ ಸಾಲಿನಲ್ಲಿ ನಿಂತು, ಈಜುಕೊಳದಲ್ಲಿ ಹಲಗೆ ಹಿಡಿದು ಕಾಲು ಬಡಿಯುವುದನ್ನೂ ಕಲಿತಳು. ಮೊದಲ ದಿನ ಒಂದು ಮಗು ಅವಳಿಗೆ, ಆಂಟಿ ಹೆದರಬೇಡಿ, ನೀರು ಏನೂ ಮಾಡುವುದಿಲ್ಲ ಎಂದು ಧೈರ್ಯ ಹೇಳಿತಂತೆ. ಇಷ್ಟಾದ ಮೇಲೆ ಟ್ರಯಾಥ್ಲಾನಿನ ಹುಚ್ಚು ಹಿಡಿಯಲು ಎಷ್ಟು ಹೊತ್ತು? ಈಜು, ಸೈಕಲ್, ಓಟ, ಮೂರನ್ನೂ ಒಂದರ ಬೆನ್ನಿಗೊಂದು ಮುಗಿಸುವ ಸ್ಪರ್ಧೆ ಅದು. ಸೊಸೆಯ ಕಾಲಿಗೆ ಯಾರೋ ಚಕ್ರ ಕಟ್ಟಿದ್ದಾರೆ ಎಂದು ಅತ್ತೆ ಶಿವಗಂಗವ್ವ ನೆಂಟರಿಗೆಲ್ಲ ಫೋನಿನಲ್ಲಿ ಹೇಳಿದರು. ಆ ದನಿಯಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚಿತ್ತು.

ಆಗ ಸಿಕ್ಕಿದ್ದು ‘ಪಹಾಟ ಮಂಡಳ’. ಮರಾಠಿಯಲ್ಲಿ ಪಹಾಟ ಅಂದರೆ ನಸುಕು. ಬೆಳಗಿನ ಐದೂವರೆಗೆ ಹೋಳ್ಕರ ಸೇತುವೆಯ ಹತ್ತಿರ ಸೇರುವ ಇಪ್ಪತ್ತೈದು ಜನರ ಗುಂಪು. ಅದರ ಮುಖ್ಯಸ್ಥೆ ಹರ್ಷದಾ ಹಲ್ಲಿನ ಡಾಕ್ಟರು, ದೊಡ್ಡ ಗಂಟಲಿನ, ಅದಕ್ಕಿಂತ ದೊಡ್ಡ ಮನಸ್ಸಿನ ಹೆಂಗಸು. ತ್ರಿವೇಣಿಯನ್ನು ಅವರು ಮೊದಲ ವಾರದಲ್ಲೇ ‘ತ್ರಿವೇಣೀತಾಯಿ’ ಮಾಡಿಬಿಟ್ಟರು, ಮರಾಠಿಯ ತಾಯಿ ಅಂದರೆ ಅಕ್ಕ. ಎರಡನೇ ವಾರದಲ್ಲಿ ‘ಸ್ವೀಪ್’ ಮಾಡಿದರು. ಸ್ವೀಪ್ ಅಂದರೆ ಗುಂಪಿನ ಕೊನೆಗೆ ಉಳಿದು, ಹಿಂದೆ ಬಿದ್ದವರನ್ನು ಕರೆದುಕೊಂಡು ಬರುವವರು. ಯಾರದೋ ಟ್ಯೂಬು ಪಂಕ್ಚರ್ ಆದರೆ ತ್ರಿವೇಣಿ ನಿಂತಳು, ಯಾರಿಗೋ ಮೀನಖಂಡ ಹಿಡಿದರೆ ತ್ರಿವೇಣಿ ತಿಕ್ಕಿದಳು. ಹೊಸದಾಗಿ ಸೇರಿದ ಪೂರ್ವಾ ಎಂಬ ಹುಡುಗಿಯನ್ನು ಒಮ್ಮೆ ಜೇಜುರಿಯಿಂದ ಹಿಂದಿರುಗುವಾಗ ಇಪ್ಪತ್ತು ಕಿಲೋಮೀಟರ್ ಬೆನ್ನ ಮೇಲೆ ಕೈಯಿಟ್ಟು ದೂಡಿಕೊಂಡೇ ಬಂದಳು. ಅವತ್ತು ಖಂಡೋಬನ ಭಂಡಾರ ಎರಚಿಕೊಂಡು ಇಬ್ಬರೂ ಹೆಲ್ಮೆಟ್ಟಿನಿಂದ ಬೂಟಿನವರೆಗೆ ಅರಿಶಿನವಾಗಿದ್ದರು. ಅಂಥ ದಿನಗಳು ಭಾಳ ಚಂದ ಇದ್ದವು, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಆದರೆ ಹೋದ ಜನವರಿಯ ಕತೆ ಬೇರೆ. ಶಿರೂರಿನ ಹತ್ತಿರದ ಅಣೆಕಟ್ಟಿನ ಹಿನ್ನೀರಿನಲ್ಲಿ ದೊಡ್ಡ ಸ್ಪರ್ಧೆ ಇತ್ತು. ಎರಡು ಕಿಲೋಮೀಟರಿಗೆ ತುಸು ಕಡಿಮೆ ಈಜು, ತೊಂಬತ್ತು ಕಿಲೋಮೀಟರ್ ಸೈಕಲ್, ಇಪ್ಪತ್ತೊಂದು ಕಿಲೋಮೀಟರ್ ಓಟ. ಬೆಳಿಗ್ಗೆ ಏಳಕ್ಕೆ ಶುರು. ಹನ್ನೆರಡೂವರೆಯೊಳಗೆ ಸೈಕಲ್ ಮುಗಿಸದವರನ್ನು ಓಡಲು ಬಿಡುವುದಿಲ್ಲ, ಮೂರೂವರೆಯೊಳಗೆ ಓಟ ಮುಗಿಸದವರಿಗೆ ಪದಕವಿಲ್ಲ. ಮಂಡಳದ ಏಳು ಜನ ಹೋಗಿದ್ದರು. ದಾರಿಯ ನೀರಿನ ಠಾಣ್ಯಗಳಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಕಾಯಬೇಕು ಎಂದು ಮಾತಾಗಿತ್ತು. ಕಾದರು, ಬಾಳೆಹಣ್ಣು ತಿಂದರು, ನಕ್ಕರು. ಉಳಿದ ಆರು ಮಂದಿ ಕಾಲಿನಲ್ಲಿ ಕಸುವಿದ್ದವರು, ಕಳೆದ ಹೊತ್ತನ್ನು ಮುಂದೆ ತುಳಿದು ಗಳಿಸಿಕೊಂಡರು. ತ್ರಿವೇಣಿಗೆ ಅದು ಆಗಲಿಲ್ಲ. ಅವಳು ಸೈಕಲ್ ಇಳಿದಾಗ ಹನ್ನೆರಡು ಮೂವತ್ತನಾಲ್ಕು. ಒಬ್ಬ ಹುಡುಗ ಸೀಟಿ ಊದಿ, ಕೈ ಅಡ್ಡ ಹಿಡಿದ.

ನಾಲ್ಕು ನಿಮಿಷ. ಗೆಳತಿಯರು ತಬ್ಬಿಕೊಂಡು ಸಮಾಧಾನ ಮಾಡಿದರು, ತ್ರಿವೇಣಿ ನಕ್ಕಳು. ಮನೆಗೆ ಬಂದು ಸ್ವಲ್ಪ ತಡ ಆತು ಅಂದಳು, ಅಷ್ಟೇ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಪೂರ್ತಿ ತಿರುಗಿಸಿ, ಬಕೆಟ್ಟು ತುಂಬಿ ಹರಿಯುವವರೆಗೂ ಅತ್ತಳು. ಜೀವಮಾನವಿಡೀ ಬೇರೆಯವರ ಮಾಲಿಗೆ ಕೆಂಪು ಬಳಿದವಳಿಗೆ ತನ್ನ ಮೇಲೆ ಬಳಿದ ಕೆಂಪನ್ನು ತಡೆದುಕೊಳ್ಳಲು ಆಗಲಿಲ್ಲ. ಮುಂದಿನ ಸಲ ಅದನ್ನು ಮುಗಿಸಲೇಬೇಕು ಎಂದು ಅವತ್ತೇ ಗಟ್ಟಿ ಮಾಡಿಕೊಂಡಳು. ಯಾರಿಗೂ ಹೇಳಲಿಲ್ಲ.

ಗಟ್ಟಿ ಮಾಡಿಕೊಂಡದ್ದೇನೋ ಸರಿ, ಆದರೆ ಫೋನು ಬಿಡಬೇಕಲ್ಲ. ಮಂಗಳವಾರ ಈಜು, ಬನ್ನಿ ತಾಯಿ. ಗುರುವಾರ ಬೋಪದೇವ ಘಾಟ, ತಾಯಿ ಇಲ್ಲದಿದ್ದರೆ ಮಜಾ ಇಲ್ಲ. ಶನಿವಾರ ಹೊಸಬರ ಓಟ. ಭಾನುವಾರ ಸಿಂಹಗಡ, ಕೆಳಗಿಳಿದು ಪಿಠಲೆ ಭಾಕ್ರಿಯ ಊಟ. ತ್ರಿವೇಣಿ ಎಲ್ಲದಕ್ಕೂ ಹೆಬ್ಬೆಟ್ಟಿನ ಗುರುತು ಒತ್ತಿದಳು. ಹೀಗೆ ದೀಪಾವಳಿ ದಾಟಿ ತುಳಸಿ ಲಗ್ನವೂ ಮುಗಿಯಿತು. ಒಂದು ಭಾನುವಾರ ಮಧ್ಯಾಹ್ನ, ಗುಂಪಿನ ಸವಾರಿ ಮುಗಿಸಿ ಬಂದವಳು ಕೈಗಡಿಯಾರದಲ್ಲಿದ್ದ ಹಿಂದಿನ ಮೂರು ತಿಂಗಳ ದಾಖಲೆಯನ್ನು ಕಾರ್ಖಾನೆಯ ಕಣ್ಣಿನಿಂದ ನೋಡಿದಳು. ಮೂವತ್ತೆಂಟು ಸಲ ಸೈಕಲ್ ಹೊಡೆದಿದ್ದಳು. ಒಂದು ಸಲವಾದರೂ ನಿಲ್ಲದೆ ಮೂವತ್ತು ಕಿಲೋಮೀಟರ್ ದಾಟಿರಲಿಲ್ಲ. ವರ್ಷವಿಡೀ ಅವಳು ಅಭ್ಯಾಸ ಮಾಡಿದ್ದು ನಿಲ್ಲುವುದನ್ನು. ಸ್ಪರ್ಧೆಗೆ ಉಳಿದದ್ದು ಹತ್ತು ವಾರ.

ಅದೇ ಹೊತ್ತಿಗೆ ಎದುರಿನ ಚಾಪೆಯ ಮೇಲೆ ಶಿವಗಂಗವ್ವ ಲಗ್ನಪತ್ರಿಕೆಗಳನ್ನು ಹರಡಿಕೊಂಡು ಕೂತಿದ್ದರು. ಊರ ಕಡೆಯ ಹಂಗಾಮು ಶುರುವಾಗಿತ್ತು. ಒಂದೇ ದಿನ, ಒಂದೇ ಮುಹೂರ್ತದ ಸುತ್ತ ಐದು ಲಗ್ನ, ಎಲ್ಲ ಬೈಲಹೊಂಗಲ ಸವದತ್ತಿಯ ನಡುವಿನವು. ಎಪ್ಪತ್ತೈದರ ಮುದುಕಿ ಅವನ್ನು ಇಸ್ಪೀಟಿನ ಎಲೆ ಜೋಡಿಸಿದಂತೆ ಜೋಡಿಸಿ, ಯಾವ ಬಸ್ಸು, ಯಾವ ನೆಂಟನ ಕಾರು ಎಂದು ಬೆರಳು ಮಡಚುತ್ತಿದ್ದರು. ಅಷ್ಟರಲ್ಲಿ ತ್ರಿವೇಣಿಯ ಫೋನು ಎರಡು ಸಲ ಗುಂಯ್‌ಗುಟ್ಟಿತು. ಸೊಸೆಯ ಮುಖ ಸಪ್ಪಗಾದದ್ದು ಅತ್ತೆಯ ಕಣ್ಣಿಗೆ ಬಿತ್ತು. ಏನಾಯಿತು ಎಂದು ಕೇಳಿದ್ದಕ್ಕೆ ತ್ರಿವೇಣಿ ಈ ಕರೆಗಳ ಕಷ್ಟ ಹೇಳಿಕೊಂಡಳು. ಕರೆಯುವವರು ಪ್ರೀತಿಯವರು, ಒಲ್ಲೆ ಅಂದರೆ ಅವರಿಗೆ ಬೇಜಾರು, ಹೋದರೆ ತನ್ನ ಕೆಲಸ ಮಣ್ಣುಪಾಲು.

ಶಿವಗಂಗವ್ವ ನಕ್ಕುಬಿಟ್ಟರು. “ಊರಿಗೆ ಉಪಕಾರಿ, ಮನಿಗೆ ಮಾರಿ ಆಗಿ ನೋಡು ನೀನು. ಇಲ್ಲಿ ನೋಡು, ಐದು ಲಗ್ನ ಅದಾವ. ಐದೂ ನಮ್ಮವರವ. ಒಲ್ಲೆ ಅಂದ್ರ ಮಂದಿ ದೂರ ಆಗ್ತಾರ, ಐದೂ ಕಡೆ ಉಣ್ಣಾಕ ಕುಂತ್ರ ಹೊಟ್ಟಿ ಒಡೀತದ. ಅಕ್ಷತಿ ಎಲ್ಲಾರಿಗೂ ಹಾಕೂದು, ಮಾರಿ ತೋರಿಸೂದು, ಬಂದೇವಿ ನೋಡ್ರಿ ಅನ್ನೂದು, ಹೊಂಡೂದು. ಊಟ ಮಾತ್ರ ಒಂದ ಮನ್ಯಾಗ. ಆ ಮನಿ ಯಾವುದು ಅಂತ ಇಲ್ಲೇ ಠರಾಯಿಸಿ ಹೋಗಬೇಕು, ಅಲ್ಲಿ ಹೋಗಿ ಅಲ್ಲ. ಹುಗ್ಗಿ ವಾಸನಿ ಬಂದ ಮ್ಯಾಲೆ ಯಾರ ಬುದ್ಧಿನೂ ನೆಟ್ಟಗಿರೂದಿಲ್ಲ.” ಸೊಸೆಯ ಕಡೆ ತಿರುಗಿ ಕೇಳಿದರು, “ಈಗ ಹೇಳು, ನಿನ್ನ ಊಟ ಯಾವುದು?”

ಹತ್ತು ತಿಂಗಳು ಯಾರ ಮುಂದೆಯೂ ಆಡದ ಮಾತನ್ನು ತ್ರಿವೇಣಿ ಆಡಿದಳು.

“ಹ್ವಾದ ಸಲ ನನ್ನ ತಗದ್ರು, ಅತ್ತಿ. ನಾಕ ನಿಮಿಷಕ್ಕ. ನನಗ ಅದನ್ನ ಮುಗಸಬೇಕಾಗೇದ.”

“ಗೊತ್ತದ,” ಅಂದರು ಶಿವಗಂಗವ್ವ, ಪತ್ರಿಕೆಗಳನ್ನು ಎತ್ತಿಡುತ್ತ. “ಆವತ್ತು ಬಚ್ಚಲದಾಗ ಅಷ್ಟೊತ್ತು ನೀರು ಬಿಟ್ಟಿದ್ದಿ. ನನಗ ಕಣ್ಣು ಮಂಜ ಆಗ್ಯಾವ, ಕಿವಿ ಅಲ್ಲ.”

ಅವತ್ತು ಸಂಜೆ ಅತ್ತೆ ಸೊಸೆ ಕೂತು ವಾರವನ್ನು ಹಂಚಿದರು. ಭಾನುವಾರದ ಸೈಕಲ್ಲು ತ್ರಿವೇಣಿಯ ಸ್ವಂತದ್ದು, ಶಿರೂರು ರಸ್ತೆಯಲ್ಲಿ, ಒಬ್ಬಳೇ. ಗುರುವಾರದ ಓಟವೂ ಹಾಗೇ. ಮಂಗಳವಾರದ ಈಜು ಮಾತ್ರ ಮಂಡಳದ ಜೊತೆ ಪೂರ್ತಿ, ಏಕೆಂದರೆ ತೆರೆದ ನೀರಿನಲ್ಲಿ ಒಬ್ಬರೇ ಇಳಿಯಬಾರದು. ಉಳಿದ ಕರೆಗಳಿಗೆಲ್ಲ ಅಕ್ಷತೆ. ಸೇತುವೆಯ ಹತ್ತಿರ ಹೋಗಿ, ಎಲ್ಲರ ಟೈರಿಗೆ ಗಾಳಿ ನೋಡಿ, ಹತ್ತು ನಿಮಿಷ ಜೊತೆಗೆ ತುಳಿದು, ತನ್ನ ದಾರಿ ಹಿಡಿಯುವುದು. ಶಿವರಾಜ ಅದನ್ನೆಲ್ಲ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ. ಎದ್ದು ಹೋಗುವಾಗ ತನ್ನ ಬೆಳಗಿನ ಚಹಾ ಯಾವ ಖಾತೆಗೆ ಸೇರಿದ್ದು ಎಂದು ಕೇಳಿ ಇಬ್ಬರಿಂದಲೂ ಬೈಸಿಕೊಂಡ.

ಹೇಳಿದಷ್ಟು ಸಲೀಸಾಗಿ ಯಾವುದೂ ನಡೆಯುವುದಿಲ್ಲ. ಮೊದಲ ಭಾನುವಾರ ತ್ರಿವೇಣಿ ಸೇತುವೆಗೆ ಹೋದಳು, ಮಾರಿ ತೋರಿಸಿದಳು, ಬಂದೆ ನೋಡಿ ಅಂದಳು. ಇನ್ನೇನು ತಿರುಗಬೇಕು, ಯಾರದೋ ಚೈನು ಕಳಚಿತು. ಅದನ್ನು ಕೂರಿಸುವಷ್ಟರಲ್ಲಿ ಇನ್ನೊಬ್ಬರು ಇವತ್ತೊಂದು ದಿನ ಬನ್ನಿ ಅಂದರು. ಎಣ್ಣೆ ತೇಲುವ ಖಾರದ ಮಿಸಳ ತಿಂದು ಮನೆಗೆ ಬರುವಾಗ ಹನ್ನೊಂದು ಗಂಟೆ. ಬಾಗಿಲು ತೆಗೆದ ಶಿವಗಂಗವ್ವ ಸೊಸೆಯ ತುಟಿಯ ಮೇಲಿನ ಕೆಂಪು ಎಣ್ಣೆ ನೋಡಿ, “ಅಕ್ಷತಿ ಹಾಕಾಕ ಹೋಗಿ ಪಂಕ್ತಿಗೆ ಕುಂತ ಬಂದಿ,” ಅಂದರು. ತ್ರಿವೇಣಿಗೆ ನಾಚಿಕೆಯೂ ಆಯಿತು, ನಗೆಯೂ ಬಂತು.

ಎರಡನೇ ಭಾನುವಾರ ತಿರುಗಿದಳು. ಹಿಂದಿನಿಂದ ನಾಲ್ಕು ಸಲ ಹೆಸರು ಕೇಳಿಸಿತು, ಬೆನ್ನು ಸುಟ್ಟಂತಾಯಿತು, ಆದರೂ ತಿರುಗಿ ನೋಡಲಿಲ್ಲ. ಊರಿನ ಗದ್ದಲ ಮುಗಿದು ಶಿರೂರು ರಸ್ತೆಗೆ ಬಿದ್ದ ಮೇಲೆ ವಿಚಿತ್ರವಾದದ್ದೊಂದು ಗೊತ್ತಾಯಿತು. ಯಾರಿಗೂ ಕಾಯದೆ ತುಳಿದರೆ ಅವಳ ಕಾಲಿಗೆ ಅದರದೇ ಒಂದು ನಡೆ ಇತ್ತು. ಜೋರೂ ಅಲ್ಲ, ಮೆಲ್ಲಗೂ ಅಲ್ಲ. ಕಬ್ಬಿನ ಹೊಲ, ಈರುಳ್ಳಿಯ ಚೀಲ ಹೇರಿದ ಟೆಂಪೋಗಳು, ಬೆಲ್ಲದ ಗಾಣದ ಹೊಗೆ, ಎಲ್ಲ ಒಂದೇ ಹದದಲ್ಲಿ ಹಿಂದೆ ಸರಿದವು. ಎಪ್ಪತ್ತು ಕಿಲೋಮೀಟರ್ ಆದಾಗ ಅವಳು ತನಗೆ ಗೊತ್ತಿಲ್ಲದೆ ಹಾಡಿಕೊಳ್ಳುತ್ತಿದ್ದಳು. ಇಷ್ಟು ವರ್ಷ ತಾನು ನಿಧಾನ ಎಂದು ನಂಬಿದ್ದವಳಿಗೆ, ತನ್ನ ವೇಗ ಎಷ್ಟು ಎಂಬುದೇ ಅವತ್ತಿನವರೆಗೆ ಗೊತ್ತಿರಲಿಲ್ಲ. ಆ ಖುಷಿ ಮನೆಗೆ ಬಂದರೂ ಇಳಿಯಲಿಲ್ಲ.

ಗುಂಪಿನಲ್ಲಿ ಗುಸುಗುಸು ಏಳದೆ ಇರುತ್ತದೆಯೇ? ತಾಯಿ ಈಗ ದೊಡ್ಡವರಾಗಿದ್ದಾರೆ ಎಂದು ಯಾರೋ ಸಂದೇಶ ಹಾಕಿದರು. ಮೂರನೇ ವಾರ ಹರ್ಷದಾ ಸ್ವತಃ ಮನೆಗೆ ಬಂದರು. ಯಾವಾಗಲೂ ಮೂರು ಮನೆಗೆ ಕೇಳುವಂತೆ ಮಾತಾಡುವ ಹೆಂಗಸು ಅವತ್ತು ಮೆಲ್ಲಗೆ, ತನ್ನಿಂದ ಏನಾದರೂ ತಪ್ಪಾಯಿತೇ ಎಂದು ಕೇಳಿದರು. ತ್ರಿವೇಣಿ ಅತ್ತೆಯ ಕಡೆ ನೋಡಿದಳು. ಶಿವಗಂಗವ್ವ ಮೊದಲು ಹರ್ಷದಾರ ಮುಂದೆ ರೊಟ್ಟಿ, ಎಣ್ಣೆಗಾಯಿ ಇಟ್ಟರು. ಆಮೇಲೆ ನಲವತ್ತು ವರ್ಷ ಪುಣೆಯಲ್ಲಿದ್ದೂ ಸರಿಹೋಗದ ತಮ್ಮ ಮರಾಠಿಯಲ್ಲಿ ಐದು ಲಗ್ನದ ಶಾಸ್ತ್ರವನ್ನು ಪೂರ್ತಿ ವಿವರಿಸಿದರು. ಹರ್ಷದಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದರು. ನಾಲ್ಕು ನಿಮಿಷದ ಮಾತು ಬಂದಾಗ ಅವರ ಕಣ್ಣು ತುಂಬಿತು. ಅವತ್ತು ನಾವೆಲ್ಲ ಬಾಳೆಹಣ್ಣು ತಿನ್ನುತ್ತ ನಿಂತಿದ್ದೆವು, ನೀವು ಯಾಕೆ ಒಂದು ಮಾತು ಹೇಳಲಿಲ್ಲ ಎಂದು ತ್ರಿವೇಣಿಯನ್ನೇ ಗದರಿದರು. ಮರುದಿನದಿಂದ ಸ್ವೀಪ್ ಕೆಲಸ ಸರದಿಯ ಮೇಲೆ ನಡೆಯಿತು. ಮೊದಲ ಸರದಿ ತನಗೇ ಬೇಕು ಎಂದು ಪೂರ್ವಾ ಕೇಳಿ ಪಡೆದಳು.

ಜನವರಿಯ ಕೊನೆಯ ಭಾನುವಾರ ಬಂದೇಬಿಟ್ಟಿತು. ಹಿನ್ನೀರಿನ ಮೇಲೆ ಮಂಜು ಕೂತಿತ್ತು. ತ್ರಿವೇಣಿ ಐವತ್ತೆಂಟು ನಿಮಿಷಕ್ಕೆ ನೀರಿನಿಂದ ಎದ್ದಳು, ಬಟ್ಟೆ ಬದಲಿಸಿ ಸೈಕಲ್ ಹತ್ತಿದಳು. ಮೂವತ್ತು ಕಿಲೋಮೀಟರಿನ ಮೂರು ಸುತ್ತು. ಎರಡು ಸುತ್ತು ಸದ್ದಿಲ್ಲದೆ ಮುಗಿದವು. ಮೂರನೇ ಸುತ್ತಿನ ಶುರುವಿನಲ್ಲಿ, ಬೇವಿನ ಮರದ ಕೆಳಗಿನ ನೀರಿನ ಠಾಣ್ಯದಲ್ಲಿ, ಅವಳಿಗಿಂತ ಮುಂದಿದ್ದ ಹರ್ಷದಾ, ಪೂರ್ವಾ, ಮತ್ತಿಬ್ಬರು ಸೈಕಲ್ ಒರಗಿಸಿ ನಿಂತಿದ್ದರು. ಪೂರ್ವಾಳ ಮುಖ ಬಿಸಿಲಿಗೆ ಬಾಡಿತ್ತು. ತ್ರಿವೇಣಿಯನ್ನು ಕಂಡದ್ದೇ ಅವಳು ಅಭ್ಯಾಸಬಲದಿಂದ ಕೂಗಿದಳು, ತಾಯಿ ಬನ್ನಿ, ಐದೇ ನಿಮಿಷ, ಎಲ್ಲರೂ ಕೂಡಿ ಹೋಗೋಣ.

ಐದು ನಿಮಿಷ ಅವಳ ಹತ್ತಿರ ಇತ್ತು. ಅದೇ ತೊಂದರೆ. ಇಲ್ಲದಿದ್ದರೆ ಹೊರಟುಬಿಡುವುದು ಸುಲಭ. ಮರದ ಕೆಳಗೆ ನೆರಳಿತ್ತು, ತನ್ನವರಿದ್ದರು, ಅಂದು ತಾನು ಬೆನ್ನ ಮೇಲೆ ಕೈಯಿಟ್ಟು ದೂಡಿ ತಂದಿದ್ದ ಹುಡುಗಿ ಕೈ ಚಾಚಿ ನಿಂತಿದ್ದಳು. ತ್ರಿವೇಣಿಯ ಬೆರಳು ತಾವಾಗಿಯೇ ಬ್ರೇಕು ಹಿಡಿದವು. ಒಂದು ಕಾಲು ನೆಲಕ್ಕೆ ತಾಗಿತು. ಪೂರ್ವಾ ಕೊಟ್ಟ ಕಿತ್ತಳೆಯ ತೊಳೆಯನ್ನು ಬಾಯಿಗೆ ಹಾಕಿಕೊಂಡಳು, ಅವಳ ಕೆನ್ನೆ ತಟ್ಟಿದಳು, ನೀರು ಕುಡಿದು ಮೆಲ್ಲಗೆ ಬಾ ಅಂದಳು. ಆಮೇಲೆ ಕನ್ನಡದಲ್ಲೇ, ಯಾರಿಗೂ ಅಲ್ಲದೆ ಎಲ್ಲರಿಗೂ, “ಬಂದೆ ನೋಡ್ರಿ,” ಅಂದು ಪೆಡಲ್ ತುಳಿದಳು. ಹರ್ಷದಾರ ನಗು ಅರ್ಧ ಮೈಲಿಯವರೆಗೂ ಕೇಳಿಸಿತು.

ಸ್ವಲ್ಪ ಹೊತ್ತಿಗೆ ಆ ನಾಲ್ವರೂ ಗಾಳಿಯಂತೆ ಬಂದು ಅವಳನ್ನು ದಾಟಿಹೋದರು. ಹಿಂದಿನ ತ್ರಿವೇಣಿಯಾದರೆ ಬೆನ್ನು ಹತ್ತಿ ಉಸಿರು ಕಳೆದುಕೊಳ್ಳುತ್ತಿದ್ದಳು. ಈಗ ಹೋಗಲಿ ಬಿಡು ಎಂದು ತನ್ನ ನಡೆಯಲ್ಲೇ ಉಳಿದಳು. ಸೈಕಲ್ ಇಳಿದಾಗ ಹನ್ನೆರಡು ಹದಿನಾರು. ಗಡಿಯ ಹತ್ತಿರ ಸೀಟಿ ಹಿಡಿದ ಹುಡುಗ ಕೈ ಅಡ್ಡ ಹಿಡಿಯಲಿಲ್ಲ, ಓಟದ ದಾರಿ ತೋರಿಸಿದ. ಅವಳು ಅವನಿಗೆ ಕೈ ಮುಗಿದಳು. ಪಾಪ, ಯಾಕೆಂದು ಅವನಿಗೆ ತಿಳಿಯಲಿಲ್ಲ.

ಓಟ ಅಂದರೆ ಓಟವೇನಲ್ಲ. ಒಂದಷ್ಟು ಓಡಿದಳು, ಒಂದಷ್ಟು ನಡೆದಳು. ಹದಿನಾಲ್ಕನೇ ಕಿಲೋಮೀಟರಿನಲ್ಲಿ ತೊಡೆ ಹಿಡಿದುಕೊಂಡಿತು, ಹದಿನೇಳರಲ್ಲಿ ಇನ್ನು ಜನ್ಮದಲ್ಲಿ ಈ ಕೆಲಸ ಬೇಡ ಅನ್ನಿಸಿತು, ಹತ್ತೊಂಬತ್ತರಲ್ಲಿ ಮುಂದಿನ ವರ್ಷ ನೀರಿನಲ್ಲಿ ಇನ್ನೆರಡು ನಿಮಿಷ ಉಳಿಸಬಹುದು ಎಂದು ಲೆಕ್ಕ ಹಾಕಿದಳು. ಕೊನೆಯ ತಿರುವಿನಲ್ಲಿ ಕಮಾನು ಕಂಡಿತು, ಗಡಿಯಾರ ಕಂಡಿತು. ಮೂರು ಗಂಟೆ ಹದಿನೇಳು ನಿಮಿಷ. ಅವಳು ಕಮಾನಿನ ಕೆಳಗೆ ಹೋಗುವಾಗ ನಗುತ್ತಿದ್ದಳೋ ಅಳುತ್ತಿದ್ದಳೋ ಶಿವರಾಜನಿಗೆ ಇವತ್ತಿಗೂ ಖಚಿತವಿಲ್ಲ. ಎರಡೂ ಇತ್ತು.

ಯಾರೋ ಕೊರಳಿಗೆ ಪದಕ ಹಾಕಿದರು. ಕ್ಯಾಮರಾ ಹಿಡಿದ ಹುಡುಗಿಯೊಬ್ಬಳು ಕಮಾನಿನ ಕೆಳಗೆ ನಿಲ್ಲಿಸಿ, ನಿಮ್ಮ ಗುಂಪೆಲ್ಲಿ, ಕರೆಯಿರಿ ಅಂದಳು. ಕರೆಯುವ ಅಗತ್ಯವೇ ಇರಲಿಲ್ಲ. ಆಗಲೇ ಓಟ ಮುಗಿಸಿ ಅವಳಿಗಾಗಿ ಕಾದಿದ್ದ ಮಂಡಳವಿಡೀ ಕೇಕೆ ಹಾಕುತ್ತ ನುಗ್ಗಿ ಬಂತು. ಮುಂದೆ ಹರ್ಷದಾ, ಹಿಂದೆ ಪೂರ್ವಾ, ಅವಳ ಹಿಂದೆ ಶಿವರಾಜ. ತ್ರಿವೇಣಿ ಎಂದಿನಂತೆ ಬದಿಗೆ ಸರಿದು, ಅವರಿಗೆ ನಡುವೆ ಜಾಗ ಮಾಡತೊಡಗಿದಳು.

ಆಗ ಬೇಲಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದ ಶಿವಗಂಗವ್ವ ಎದ್ದು ನಿಂತರು. ಸೆರಗು ಬಿಗಿದು, ಅಷ್ಟೂ ಜನರ ಮುಂದೆ ಒಂದು ಕೈ ಅಡ್ಡ ಹಿಡಿದರು.

“ನಿಂದರ್ರಿ ಎಲ್ಲಾರೂ. ಮೊದಲ ಆಕಿ ಒಬ್ಬಾಕಿದ ಆಗಲಿ.”

ಕನ್ನಡ ಬಾರದವರಿಗೂ ಅದು ತಿಳಿಯಿತು. ಎಲ್ಲರೂ ನಿಂತರು. ತ್ರಿವೇಣಿ ಆಚೀಚೆ ನೋಡಿದಳು, ಪಕ್ಕದಲ್ಲಿ ಯಾರೂ ಇರಲಿಲ್ಲ. ಅವಳು ಬದಿಯಿಂದ ಎರಡು ಹೆಜ್ಜೆ ಸರಿದು, ಕಮಾನಿನ ನಟ್ಟನಡುವೆ ಬಂದು ನಿಂತಳು.